ಹೊಸ ಸಂಚಿಕೆ ಇರಲಿ, ಮೊದಲು ಹಳೆಯದನ್ನು ಕೇಳಿ

(ಪ್ರೌಢಶಾಲಾ ಶಿಕ್ಷಕರು ಮತ್ತು ಬಿ.ಇಡಿ. ವಿದ್ಯಾರ್ಥಿಗಳ ಎದುರು ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನ ಓಘದಲ್ಲಿ ಬಂದ ಪುನರುಕ್ತಿಗಳನ್ನು ತೆಗೆದಿದ್ದೇನೆ. ಕೊನೆಯಲ್ಲಿ ನಡೆದ ಪ್ರಶ್ನೋತ್ತರದಿಂದ ಎರಡನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಶಿಕ್ಷಣ ಮತ್ತು ತಂತ್ರಜ್ಞಾನದ ಬಗ್ಗೆ ಕೇಳಲು ಯೋಗ್ಯವಾದ ಪಾಡ್‌ಕಾಸ್ಟ್‌ಗಳ ಪಟ್ಟಿ ಕೊಡಿ ಎಂದು ನನ್ನನ್ನು ಇಲ್ಲಿಗೆ ಕರೆದಿದ್ದಾರೆ. ಪಟ್ಟಿ ಕೊಡುವುದು ಕಷ್ಟವೇನಲ್ಲ. ಆದರೆ ಪಟ್ಟಿಗೆ ಆಯುಸ್ಸು ಕಡಿಮೆ. ಇವತ್ತು ಚೆನ್ನಾಗಿರುವ ಸರಣಿ ಬರುವ ವರ್ಷ ನಿಂತುಹೋಗುತ್ತದೆ, ಇಲ್ಲವೇ ಪ್ರಾಯೋಜಕರ ತಾಳಕ್ಕೆ ಕುಣಿಯಲು ಶುರುಮಾಡುತ್ತದೆ. ಕೇಳುವ ಆಪ್‌ ಕೂಡ ಕಣ್ಮುಚ್ಚಬಹುದು: ಆಂಡ್ರಾಯ್ಡ್ ಫೋನುಗಳಲ್ಲಿ ಅನೇಕರು ಬಳಸುತ್ತಿದ್ದ ಗೂಗಲ್ ಪಾಡ್‌ಕಾಸ್ಟ್ಸ್ 2024ರಲ್ಲಿ ಮುಚ್ಚಿತು. ಹಾಗಾಗಿ ಹೆಸರುಗಳನ್ನೂ ಹೇಳುತ್ತೇನೆ, ಆದರೆ ಹೆಚ್ಚು ಹೊತ್ತು ಒಂದು ಪರೀಕ್ಷೆಯ ಬಗ್ಗೆ ಮಾತಾಡುತ್ತೇನೆ. ಆ ಪರೀಕ್ಷೆ ಗೊತ್ತಿದ್ದರೆ ಪಟ್ಟಿಯನ್ನು ನೀವೇ ಮಾಡಿಕೊಳ್ಳಬಹುದು.

ಪರೀಕ್ಷೆ ಇಷ್ಟೇ. ಯಾವ ಸರಣಿಯನ್ನೂ ಅದರ ಹೊಸ ಸಂಚಿಕೆಯಿಂದ ಶುರುಮಾಡಬೇಡಿ. ಮೂರು ವರ್ಷ, ಐದು ವರ್ಷ, ಇದ್ದರೆ ಹತ್ತು ವರ್ಷ ಹಿಂದಕ್ಕೆ ಹೋಗಿ. ಆಗ ಅವರು ಯಾರನ್ನು ಹೊಗಳಿದ್ದರು, ಏನು ಬರುತ್ತದೆ ಎಂದಿದ್ದರು, ಯಾವ ಪ್ರಶ್ನೆಯನ್ನು ಕೇಳದೆ ಬಿಟ್ಟಿದ್ದರು ಎಂದು ನೋಡಿ. ಆಮೇಲೆ ಏನಾಯಿತು ಎಂಬುದು ನಿಮಗೆ ಈಗಾಗಲೇ ಗೊತ್ತು. ಅವರಿಗೆ ಆಗ ಗೊತ್ತಿರಲಿಲ್ಲ. ಭವಿಷ್ಯ ತಪ್ಪಾಗಿ ಹೇಳಿದ್ದು ದೊಡ್ಡ ಅಪರಾಧವಲ್ಲ, ಎಲ್ಲರೂ ತಪ್ಪು ಹೇಳುತ್ತಾರೆ. ನಂತರ ಆ ವಿಷಯಕ್ಕೆ ಮರಳಿ ಬಂದರೇ, ಇಲ್ಲ ಹೊಸ ಅತಿಥಿಯ ಜೊತೆ ಹೊಸ ಹೊಗಳಿಕೆಗೆ ಹೊರಟುಬಿಟ್ಟರೇ ಎಂಬುದನ್ನು ಗಮನಿಸಿ.

ಈ ಪರೀಕ್ಷೆ ಪಾಡ್‌ಕಾಸ್ಟ್‌ಗೆ ಮಾತ್ರ ಹೀಗೆ ಸುಲಭವಾಗಿ ಒಗ್ಗುತ್ತದೆ. ಶಿಕ್ಷಣಕ್ಕೆ ದನಿಯನ್ನು, ಚಿತ್ರವನ್ನು ಬಳಸುವುದು ನಮ್ಮ ನಾಡಿಗೆ ಹೊಸದಲ್ಲ. 1935ರಲ್ಲಿ ಮೈಸೂರಿನ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ಒಂಟಿಕೊಪ್ಪಲಿನ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರ ಆರಂಭಿಸಿದರು. ಆ ಪುಟ್ಟ ಕೇಂದ್ರದ 'ಆಕಾಶವಾಣಿ' ಎಂಬ ಹೆಸರೇ ಮುಂದೆ ಇಡೀ ದೇಶದ ಬಾನುಲಿಯ ಹೆಸರಾಯಿತು. ಒಬ್ಬ ಮೇಷ್ಟ್ರು ಮಾಡಿದ ಕೆಲಸ ಅದು, ಈ ಸಭೆಯಲ್ಲಿ ನೆನೆಯಲೇಬೇಕು. 1975–76ರಲ್ಲಿ ಅಮೆರಿಕದ ಉಪಗ್ರಹವೊಂದರ ನೆರವಿನಿಂದ ದೇಶದ ಸುಮಾರು 2,400 ಹಳ್ಳಿಗಳಿಗೆ ಟಿವಿ ಪಾಠ ಬಂತು. ಅದರಲ್ಲಿ ನಮ್ಮ ಬಿಜಾಪುರ, ಗುಲ್ಬರ್ಗಾ, ರಾಯಚೂರು ಸೀಮೆಯ ಹಳ್ಳಿಗಳೂ ಇದ್ದವು. 2004ರ ಸೆಪ್ಟೆಂಬರಿನಲ್ಲಿ ಎಜುಸ್ಯಾಟ್ ಉಪಗ್ರಹ ಹಾರಿತು, ಚಾಮರಾಜನಗರದ ಪ್ರಾಥಮಿಕ ಶಾಲೆಗಳಿಗೆ ಪಾಠ ಇಳಿಯಿತು. ಪ್ರತಿ ಸಲವೂ ಶಾಲೆಯ ಚಹರೆ ಬದಲಾಗುತ್ತದೆ ಎಂದು ವೇದಿಕೆಗಳ ಮೇಲೆ ಮಾತಾಡಲಾಯಿತು. ಆ ಮಾತುಗಳಲ್ಲಿ ಇವತ್ತು ಕೂತು ಕೇಳಲು ನಮಗೆ ಸಿಗುವುದು ಎಷ್ಟು? ಬಹುಪಾಲು ಗಾಳಿಗೆ ಹೋಯಿತು.

ಪಾಡ್‌ಕಾಸ್ಟ್‌ನಲ್ಲಿ ಹಾಗಾಗುವುದಿಲ್ಲ. ತಾಂತ್ರಿಕವಾಗಿ ಅದು ಬಹಳ ಸರಳ ವಸ್ತು. ಎಲ್ಲೋ ಒಂದು ಸರ್ವರಿನಲ್ಲಿ ಆಡಿಯೊ ಕಡತಗಳು ಕೂತಿರುತ್ತವೆ. ಅವುಗಳ ಹೆಸರು, ತಾರೀಖು, ವಿಳಾಸ ಬರೆದಿಟ್ಟ ಒಂದು ಫೀಡ್ ಇರುತ್ತದೆ. ಅದನ್ನು ಆರ್‌ಎಸ್‌ಎಸ್ ಎನ್ನುತ್ತಾರೆ. ನಿಮ್ಮ ಆಪ್ ಆಗಾಗ ಹೋಗಿ ಆ ಫೀಡನ್ನು ಓದಿಕೊಂಡು ಬರುತ್ತದೆ, ಅಷ್ಟೇ. 2000ದ ದಶಕದ ಆರಂಭದಲ್ಲಿ ಡೇವ್ ವೈನರ್ ಮೊದಲಾದವರು ಈ ಫೀಡಿಗೆ ಆಡಿಯೊ ಕಡತ ಜೋಡಿಸುವ ದಾರಿ ಮಾಡಿಕೊಟ್ಟರು. 2005ರ ಜೂನ್‌ನಲ್ಲಿ ಆಪಲ್ ಕಂಪನಿ ಐಟ್ಯೂನ್ಸ್ ಒಳಗೆ ಪಾಡ್‌ಕಾಸ್ಟ್‌ಗಳಿಗೆ ಜಾಗ ಕೊಟ್ಟ ಮೇಲೆ ಜನಸಾಮಾನ್ಯರಿಗೆ ತಲುಪಿತು. ಇದರಿಂದ ನಮಗಾದ ಲಾಭವೆಂದರೆ, ಯಾರೂ ಬೇಕೆಂದೇ ಅಳಿಸದಿದ್ದರೆ, ಹತ್ತು ವರ್ಷದ ಹಿಂದೆ ಆಡಿದ ಮಾತೂ ತಾರೀಖಿನ ಸಮೇತ ಹಾಗೇ ಇರುತ್ತದೆ. ಹಳೆಯ ಸಂಚಿಕೆಗಳನ್ನು ಸದ್ದಿಲ್ಲದೆ ತೆಗೆದುಹಾಕಿದ ಸರಣಿ ಕಂಡರೆ ಅದೂ ಒಂದು ಉತ್ತರವೇ.

ಇನ್ನು, ಯಾವ ಕಾಲದ ಸಂಚಿಕೆ ಹುಡುಕಬೇಕು? ಶಿಕ್ಷಣ ತಂತ್ರಜ್ಞಾನದ ಲೋಕದಲ್ಲಿ ಎಲ್ಲರೂ ಒಂದೇ ರಾಗ ಹಾಡಿದ ಕೆಲವು ಕಾಲಗಳಿವೆ. ನಾನು ಮೂರನ್ನು ಬಳಸುತ್ತೇನೆ.

ಮೊದಲನೆಯದು 2012–13. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸೆಬಾಸ್ಟಿಯನ್ ಥ್ರನ್ ಮತ್ತು ಪೀಟರ್ ನಾರ್ವಿಗ್ 2011ರಲ್ಲಿ ಕೃತಕ ಬುದ್ಧಿಮತ್ತೆಯ ಕೋರ್ಸೊಂದನ್ನು ಆನ್‌ಲೈನಿನಲ್ಲಿ ಉಚಿತವಾಗಿ ಬಿಟ್ಟರು. 1,60,000 ಜನ ಹೆಸರು ನೋಂದಾಯಿಸಿದರು. ಥ್ರನ್ ಉಡಾಸಿಟಿ ಎಂಬ ಕಂಪನಿ ಕಟ್ಟಿದರು. ಐವತ್ತು ವರ್ಷಗಳಲ್ಲಿ ಉನ್ನತ ಶಿಕ್ಷಣ ಕೊಡುವ ಸಂಸ್ಥೆಗಳು ಜಗತ್ತಿನಲ್ಲಿ ಹತ್ತೇ ಉಳಿಯುತ್ತವೆ ಎಂದೂ ಹೇಳಿದರು. ಹೀಗೆ ಎಷ್ಟು ಜನ ಬೇಕಾದರೂ ಸೇರಬಹುದಾದ ಮುಕ್ತ ಆನ್‌ಲೈನ್ ಕೋರ್ಸುಗಳಿಗೆ ಮೂಕ್ (MOOC) ಎಂದು ಹೆಸರು. 2012ನ್ನು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ 'ಮೂಕ್‌ಗಳ ವರ್ಷ' ಎಂದು ಕರೆಯಿತು. 2013ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ ಸ್ಟೇಟ್ ವಿಶ್ವವಿದ್ಯಾಲಯ ಉಡಾಸಿಟಿಯ ಜೊತೆ ಸೇರಿ, ಗಣಿತದಲ್ಲಿ ಹಿಂದುಳಿದ ಮಕ್ಕಳಿಗೂ ಇದೇ ವಿಧಾನದಲ್ಲಿ ಪಾಠ ಶುರುಮಾಡಿತು. ಆ ತಯಾರಿ ಕೋರ್ಸಿನಲ್ಲಿ ತೇರ್ಗಡೆಯಾದವರು ಅರ್ಧಕ್ಕಿಂತ ಬಹಳ ಕಡಿಮೆ. ಜುಲೈ ಹೊತ್ತಿಗೆ ಯೋಜನೆಗೆ ತಡೆ ಬಿತ್ತು. ವರ್ಷ ಮುಗಿಯುವುದರೊಳಗೆ ತಮ್ಮ ಸರಕು ಚೆನ್ನಾಗಿಲ್ಲವೆಂದು ಥ್ರನ್ ಅವರೇ ಪತ್ರಿಕೆಯೊಂದರ ಮುಂದೆ ಒಪ್ಪಿಕೊಂಡರು. ತಾವಾಗಿ ಕಲಿಯುವ ಅಭ್ಯಾಸವಿದ್ದವರಿಗೆ ಒಳ್ಳೆಯ ಉಪನ್ಯಾಸ ಸಿಕ್ಕರೆ ಸಾಕು. ಆ ಅಭ್ಯಾಸವಿಲ್ಲದವರಿಗೆ, ಮನೆಯಲ್ಲಿ ಕಂಪ್ಯೂಟರೇ ಸರಿಯಾಗಿಲ್ಲದವರಿಗೆ, ಪಕ್ಕದಲ್ಲಿ ಮನುಷ್ಯರು ಬೇಕು. ನಿಮ್ಮಲ್ಲಿ ಹತ್ತನೇ ತರಗತಿಗೆ ಪಾಠ ಮಾಡುವ ಯಾರನ್ನು ಕೇಳಿದ್ದರೂ ಇದನ್ನು ಮೊದಲೇ ಹೇಳುತ್ತಿದ್ದಿರಿ. ಆ ಕಾಲದ ಸಂಚಿಕೆಯಲ್ಲಿ ಇಂಥ ಒಬ್ಬ ಮೇಷ್ಟ್ರನ್ನಾದರೂ ಮಾತಾಡಿಸಿದ್ದರೇ ಎಂದು ಹುಡುಕಿ.

ಎರಡನೆಯದು 2020–21, ಕೋವಿಡ್‌ನಿಂದ ಪಾಠವೆಲ್ಲ ಆನ್‌ಲೈನಿಗೆ ಹೋದ ಕಾಲ. ಇದನ್ನು ನಾನು ವಿವರಿಸಬೇಕಾಗಿಲ್ಲ, ನೀವೆಲ್ಲ ಅದರೊಳಗೇ ಇದ್ದಿರಿ. ಬೆಂಗಳೂರಿನಲ್ಲಿ ಬೆಳೆದ, ಆನ್‌ಲೈನ್ ಪಾಠ ಮಾರುವ ಬೈಜೂಸ್ ಕಂಪನಿಯ ಬೆಲೆಯನ್ನು 2022ರಲ್ಲಿ 2,200 ಕೋಟಿ ಡಾಲರ್ ಎಂದು ಕಟ್ಟಿದ್ದರು, ಭಾರತ ಕ್ರಿಕೆಟ್ ತಂಡದ ಅಂಗಿಯ ಮೇಲೆ ಅದರ ಹೆಸರಿತ್ತು. 2024ರ ಜುಲೈನಲ್ಲಿ ಅದೇ ಕ್ರಿಕೆಟ್ ಮಂಡಳಿಯ ಅರ್ಜಿಯ ಮೇಲೆ ಕಂಪನಿ ಕಾನೂನು ನ್ಯಾಯಮಂಡಳಿಯ ಬೆಂಗಳೂರು ಪೀಠ ಅದನ್ನು ದಿವಾಳಿ ಪ್ರಕ್ರಿಯೆಗೆ ಒಳಪಡಿಸಿತು. ಭಾರತದ ಉದ್ಯಮ ಪಾಡ್‌ಕಾಸ್ಟ್ ಯಾವುದನ್ನಾದರೂ ತೆಗೆದುಕೊಳ್ಳಿ, 2021ರ ಸಂಚಿಕೆಗಳಲ್ಲಿ 'ಎಡ್‌ಟೆಕ್', ಅಂದರೆ ಶಿಕ್ಷಣ ತಂತ್ರಜ್ಞಾನ, ಎಂದು ಹುಡುಕಿ ಕೇಳಿ. ಎಷ್ಟು ಕೋಟಿ ಬಂಡವಾಳ ಬಂತು ಎಂಬ ಪ್ರಶ್ನೆ ಎಷ್ಟು ಸಲ, ಮಗು ಏನು ಕಲಿಯಿತು ಎಂಬ ಪ್ರಶ್ನೆ ಎಷ್ಟು ಸಲ? ಬೆರಳು ಮಡಿಸಿ ಎಣಿಸಿ. ಕೆಲವು ಸಂಚಿಕೆಗಳಲ್ಲಿ ಎರಡನೆಯದಕ್ಕೆ ಒಂದು ಬೆರಳೂ ಬೇಕಾಗುವುದಿಲ್ಲ.

ಮೂರನೆಯದು ಇನ್ನೂ ನಡೆಯುತ್ತಿದೆ. 2022ರ ನವೆಂಬರ್ 30ರಂದು ಚಾಟ್‌ಜಿಪಿಟಿ ಬಂತು. ಅಲ್ಲಿಂದಾಚೆಗಿನ ಸಂಚಿಕೆಗಳಿಗೆ ಲೆಕ್ಕವಿಲ್ಲ. ಒಂದು ಘಟನೆ ಇಟ್ಟುಕೊಂಡು ಜರಡಿ ಹಿಡಿಯಬಹುದು. 2024ರ ಮಾರ್ಚ್‌ನಲ್ಲಿ ಅಮೆರಿಕದ ಲಾಸ್ ಏಂಜಲಿಸ್ ಶಾಲಾ ಜಿಲ್ಲೆ 'ಎಡ್' ಎಂಬ ಚಾಟ್‌ಬಾಟ್ ಅನ್ನು ಅದ್ದೂರಿಯಾಗಿ ಬಿಡುಗಡೆ ಮಾಡಿತು. ಪ್ರತಿ ಮಗುವಿಗೂ ಅದೇ ಖಾಸಗಿ ಸಹಾಯಕ ಎಂದರು. ಜೂನ್ ಹೊತ್ತಿಗೆ ಅದನ್ನು ತಯಾರಿಸಿದ ಆಲ್‌ಹಿಯರ್ ಕಂಪನಿ ತನ್ನ ಬಹುಪಾಲು ನೌಕರರನ್ನು ಮನೆಗೆ ಕಳಿಸಿತ್ತು. ನವೆಂಬರಿನಲ್ಲಿ ಸಂಸ್ಥಾಪಕಿಯ ಮೇಲೆ ಹೂಡಿಕೆದಾರರಿಗೆ ವಂಚಿಸಿದ ಆರೋಪ ದಾಖಲಾಯಿತು. ಈ ಚಾಟ್‌ಬಾಟನ್ನು ಮಾರ್ಚ್‌ನಲ್ಲಿ ಸ್ವಾಗತಿಸಿದ ಸರಣಿ ಡಿಸೆಂಬರಿನಲ್ಲಿ ಅದರ ಬಗ್ಗೆ ಏನು ಹೇಳಿತು? ಏನೂ ಹೇಳದಿದ್ದರೆ ಆ ಸರಣಿಯನ್ನು ನಾನು ನನ್ನ ಫೋನಿನಿಂದ ತೆಗೆಯುತ್ತೇನೆ.

ಈ ಪರೀಕ್ಷೆಯಲ್ಲಿ ಎದ್ದು ಬಂದ ಒಂದು ಸರಣಿಯ ಬಗ್ಗೆ ಈಗ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಅದು ತಂತ್ರಜ್ಞಾನದ ಬಗ್ಗೆ ಅಲ್ಲ, ಓದು ಕಲಿಸುವುದರ ಬಗ್ಗೆ. ಆದರೂ ಶಿಕ್ಷಣ ಕ್ಷೇತ್ರದಲ್ಲಿ ಒಂದು ಸರಕು ಹೇಗೆ ಮಾರಾಟವಾಗುತ್ತದೆ ಎಂಬುದನ್ನು ಇಷ್ಟು ಚೆನ್ನಾಗಿ ತೋರಿಸಿದ ಬೇರೆ ಸರಣಿಯನ್ನು ನಾನು ಕೇಳಿಲ್ಲ. ಅಮೆರಿಕದ ಪತ್ರಕರ್ತೆ ಎಮಿಲಿ ಹ್ಯಾನ್‌ಫರ್ಡ್ ಅವರ 'ಸೋಲ್ಡ್ ಎ ಸ್ಟೋರಿ', 2022ರ ಅಕ್ಟೋಬರಿನಲ್ಲಿ ಎಪಿಎಂ ರಿಪೋರ್ಟ್ಸ್ ಸಂಸ್ಥೆಯಿಂದ ಹೊರಬಂತು. ಕತೆ ಇದು. ಮಗುವಿಗೆ ಒಂದು ಪದ ಓದಲು ಬರದಿದ್ದರೆ ಚಿತ್ರ ನೋಡು, ಮೊದಲ ಅಕ್ಷರ ನೋಡು, ವಾಕ್ಯಕ್ಕೆ ಏನು ಹೊಂದುತ್ತದೋ ಊಹಿಸು ಎಂದು ಅಲ್ಲಿನ ಸಾವಿರಾರು ಶಾಲೆಗಳಲ್ಲಿ ಹೇಳಿಕೊಡುತ್ತಿದ್ದರು. ಈ ವಿಚಾರದ ಬೇರು ನ್ಯೂಜಿಲೆಂಡಿನ ಮೇರಿ ಕ್ಲೇ ಅವರ ಕೆಲಸದಲ್ಲಿದೆ. ಕೊಲಂಬಿಯಾ ವಿಶ್ವವಿದ್ಯಾಲಯದ ಟೀಚರ್ಸ್ ಕಾಲೇಜಿನ ಲೂಸಿ ಕಾಲ್ಕಿನ್ಸ್ ಅವರಂಥವರ ಪಠ್ಯಸಾಮಗ್ರಿಯ ಮೂಲಕ ಅದು ದೇಶದ ತುಂಬ ಹರಡಿತು. ಪ್ರಕಾಶಕರು ಕೋಟ್ಯಂತರ ಗಳಿಸಿದರು. ಆದರೆ ಮನಃಶಾಸ್ತ್ರದ ಸಂಶೋಧನೆ ದಶಕಗಳಿಂದ ಬೇರೆಯದನ್ನೇ ಹೇಳುತ್ತಿತ್ತು: ಚೆನ್ನಾಗಿ ಓದಬಲ್ಲವರು ಊಹಿಸುವುದಿಲ್ಲ, ಅಕ್ಷರಗಳನ್ನೇ ಓದುತ್ತಾರೆ. ಊಹೆಯ ಮೊರೆ ಹೋಗುವವರು ಓದಲು ಬಾರದವರು.

ಇದನ್ನು ಒಂದು ಲೇಖನದಲ್ಲಿ ಬರೆಯಬಹುದಿತ್ತು. ಹ್ಯಾನ್‌ಫರ್ಡ್ ಅದಕ್ಕೂ ಮೊದಲು ಇದೇ ವಿಷಯದ ಮೇಲೆ ವರ್ಷಗಟ್ಟಲೆ ವರದಿ ಮಾಡಿದ್ದರು. ಆದರೆ ದನಿ ಮಾಡಿದ ಕೆಲಸ ಬೇರೆ. ಕೋವಿಡ್ ಕಾಲದಲ್ಲಿ ಮಗನ ಆನ್‌ಲೈನ್ ಪಾಠವನ್ನು ಪಕ್ಕದಲ್ಲಿ ಕೂತು ಕೇಳಿದ ತಾಯಿ, ಮಗು ಪದವನ್ನು ಊಹಿಸುವುದು, ಟೀಚರ್ ಅದಕ್ಕೆ ಭೇಷ್ ಎನ್ನುವುದು, ಇವೆಲ್ಲ ಕಿವಿಗೆ ಬಿದ್ದಾಗ ವಾದ ಬೇಕಾಗುವುದಿಲ್ಲ. ತಾವು ವರ್ಷಗಟ್ಟಲೆ ಹಾಗೆ ಕಲಿಸಿದೆವು ಎಂದು ಹೇಳುವ ಶಿಕ್ಷಕಿಯರ ದನಿಯಲ್ಲಿರುವ ಸಂಕಟವನ್ನು ಮುದ್ರಿತ ಪುಟದಲ್ಲಿ ತರುವುದು ಕಷ್ಟ. ಸರಣಿ ಬಂದ ಮೇಲೆ ಹಲವು ರಾಜ್ಯಗಳು ಓದು ಕಲಿಸುವ ಕಾನೂನುಗಳನ್ನು ತಿದ್ದಿದವು. ಹಲವು ಶಿಕ್ಷಣ ತಜ್ಞರು ಇದು ಏಕಪಕ್ಷೀಯ ಎಂದು ಬಹಿರಂಗ ಪತ್ರ ಬರೆದು ಆಕ್ಷೇಪಿಸಿದರು. ಆ ಪತ್ರವನ್ನೂ ಓದಿ, ನನ್ನ ಮಾತನ್ನು ನಂಬಬೇಡಿ. ಹ್ಯಾನ್‌ಫರ್ಡ್ ಆರು ಸಂಚಿಕೆಗೆ ನಿಲ್ಲಿಸಲಿಲ್ಲ. ಕಾನೂನು ಬದಲಾದ ಮೇಲೆ ಏನಾಗುತ್ತಿದೆ ಎಂದು ಮತ್ತೆ ಸಂಚಿಕೆಗಳನ್ನು ಮಾಡಿದರು. ನಾನು ಹೇಳಿದ ಪರೀಕ್ಷೆಯಲ್ಲಿ ಮರಳಿ ಬರುವುದು ಎಂದರೆ ಇದು.

ಇಲ್ಲಿ ಒಂದು ಎಚ್ಚರಿಕೆ ಹೇಳದಿದ್ದರೆ ತಪ್ಪಾಗುತ್ತದೆ. ಈ ಸರಣಿ ಕೇಳಿದ ಕೂಡಲೇ ನಾಳೆಯಿಂದ ಒಂದನೇ ತರಗತಿಗೆ ಫೋನಿಕ್ಸ್ (ಅಕ್ಷರಕ್ಕೆ ಉಚ್ಚಾರ ಜೋಡಿಸಿ ಓದು ಕಲಿಸುವ ವಿಧಾನ) ತರುತ್ತೇನೆ ಎಂದು ಹೊರಡಬೇಡಿ. ಇಂಗ್ಲಿಷಿನ ಕಷ್ಟ ಒಂದು, ಕನ್ನಡದ ಕಷ್ಟ ಇನ್ನೊಂದು. ಇಂಗ್ಲಿಷಿನಲ್ಲಿ 26 ಅಕ್ಷರ, ಆದರೆ ಅಕ್ಷರಕ್ಕೂ ಉಚ್ಚಾರಕ್ಕೂ ಒಪ್ಪಂದವಿಲ್ಲ. ನಮ್ಮಲ್ಲಿ ಒಪ್ಪಂದ ಗಟ್ಟಿಯಾಗಿದೆ, ಆದರೆ ಕಾಗುಣಿತ, ಒತ್ತಕ್ಷರ ಸೇರಿಸಿದರೆ ಮಗು ಗುರುತಿಸಬೇಕಾದ ರೂಪಗಳು ನೂರಾರು. ಕನ್ನಡ ಮಕ್ಕಳು ಓದು ಕಲಿಯುವುದರ ಬಗ್ಗೆ ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಕ್ಷರ ಕಲಿಕೆ ನಿಧಾನವೆಂದೂ ನಾಲ್ಕನೇ ತರಗತಿಯಲ್ಲೂ ಅದು ಇನ್ನೂ ಸಾಗುತ್ತಿರುತ್ತದೆಂದೂ ಕಂಡಿತು. ಒಂದನೇ ತರಗತಿಯಲ್ಲೇ ಎಲ್ಲ ಮುಗಿಸಿಬಿಡಬೇಕೆನ್ನುವ ನಮ್ಮ ಆತುರಕ್ಕೆ ಇದು ಬ್ರೇಕ್ ಹಾಕಬೇಕು. 1995ರ ಸುಮಾರಿಗೆ ಎಚ್.ಡಿ. ಕೋಟೆಯಲ್ಲಿ ಹುಟ್ಟಿದ ನಲಿಕಲಿ ಎಂಬ ಚಟುವಟಿಕೆಯ ಕಲಿಕಾ ಪದ್ಧತಿ ರಾಜ್ಯದ ಸರ್ಕಾರಿ ಶಾಲೆಗಳ ಒಂದರಿಂದ ಮೂರನೇ ತರಗತಿಗಳಿಗೆ ಹಬ್ಬಿದೆ. ಅಲ್ಲಿ ಮಗು ನಿಜವಾಗಿ ಹೇಗೆ ಓದು ಕಲಿಯುತ್ತದೆ, ಎಲ್ಲಿ ತೊಡರುತ್ತದೆ ಎಂದು ತರಗತಿಯೊಳಗಿನ ದನಿಗಳನ್ನೇ ಹಿಡಿದು ಮಾಡಿದ ಕನ್ನಡ ಸರಣಿ ನನ್ನ ಕಣ್ಣಿಗೆ ಬಿದ್ದಿಲ್ಲ. ಮಾಡಬಲ್ಲವರು ಈ ಸಭೆಯಲ್ಲೇ ಇರಬಹುದು.

ಇನ್ನುಳಿದ ಹೆಸರುಗಳನ್ನು ಬೇಗ ಹೇಳಿಬಿಡುತ್ತೇನೆ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಜಸ್ಟಿನ್ ರೈಕ್ ನಡೆಸುವ 'ಟೀಚ್‌ಲ್ಯಾಬ್' ನನಗೆ ಇಷ್ಟ. ಅವರು ಕೃತಕ ಬುದ್ಧಿಮತ್ತೆ ಶಾಲೆಗೆ ಬಂದ ಬಗೆಯನ್ನು ಕುರಿತು 'ದ ಹೋಮ್‌ವರ್ಕ್ ಮೆಷೀನ್' ಎಂಬ ಸರಣಿ ಮಾಡಿದ್ದಾರೆ. ಅದರಲ್ಲಿ ಮಾತಾಡುವವರು ಕಂಪನಿಯ ಮುಖ್ಯಸ್ಥರಲ್ಲ, ಮೇಷ್ಟ್ರುಗಳು, ವಿದ್ಯಾರ್ಥಿಗಳು. ಒಬ್ಬ ಟೀಚರ್ ಬಳಸುತ್ತಾರೆ, ಒಬ್ಬರು ನಿಷೇಧಿಸುತ್ತಾರೆ, ಒಬ್ಬರು ಗೊಂದಲದಲ್ಲಿದ್ದಾರೆ. ತೀರ್ಪು ಕೊಡುವ ಅವಸರ ಇಲ್ಲ. ಗಣಿತದವರಿಗೆ ಇಂಗ್ಲೆಂಡಿನ ಕ್ರೇಗ್ ಬಾರ್ಟನ್ ಅವರ 'ಮಿಸ್ಟರ್ ಬಾರ್ಟನ್ ಮ್ಯಾಥ್ಸ್'. ಬಾರ್ಟನ್ ಸ್ವತಃ ಗಣಿತ ಮೇಷ್ಟ್ರು. ಅತಿಥಿಗಳ ಜೊತೆ ಮಾತಾಡುತ್ತ ಮಾತಾಡುತ್ತ ತಾನು ಕಲಿಸುತ್ತಿದ್ದ ರೀತಿಯನ್ನೇ ಬದಲಿಸಿಕೊಂಡೆ ಎಂದು ಅವರೇ ಹೇಳಿಕೊಂಡಿದ್ದಾರೆ. ಹಳೆಯ ಸಂಚಿಕೆಯನ್ನೂ ಹೊಸದನ್ನೂ ಒಟ್ಟಿಗೆ ಕೇಳಿದರೆ ಆ ಬದಲಾವಣೆ ಗೊತ್ತಾಗುತ್ತದೆ. ಕಾಲೇಜು ಅಧ್ಯಾಪಕರಿಗೆ ಬಾನಿ ಸ್ಟಾಕೊವಿಯಾಕ್ ಅವರ 'ಟೀಚಿಂಗ್ ಇನ್ ಹೈಯರ್ ಎಡ್'. 2014ರಿಂದ ನಡೆಯುತ್ತಿದೆ, ಎಲ್ಲ ಸಂಚಿಕೆಯೂ ಒಂದೇ ತೂಕದ್ದಲ್ಲ, ಆಯ್ದು ಕೇಳಿ.

ಭಾರತದ್ದು ಬೇಕೆಂದರೆ ಅಮಿತ್ ವರ್ಮಾ ಅವರ 'ದ ಸೀನ್ ಅಂಡ್ ದಿ ಅನ್‌ಸೀನ್'ನಲ್ಲಿ ಅರ್ಥಶಾಸ್ತ್ರಜ್ಞ ಕಾರ್ತಿಕ್ ಮುರಳೀಧರನ್ ಅವರ ಮಾತು. ಗಂಟೆಗಟ್ಟಲೆ ಇದೆ, ಒಂದೇ ಸಲ ಮುಗಿಸಲು ಹೋಗಬೇಡಿ. ದೆಹಲಿಯಲ್ಲಿ ಮೈಂಡ್‌ಸ್ಪಾರ್ಕ್ ಎಂಬ ತಂತ್ರಾಂಶದ ಮೇಲೆ ಅವರೂ ಸಹೋದ್ಯೋಗಿಗಳೂ ನಡೆಸಿದ ಪ್ರಯೋಗ 2019ರಲ್ಲಿ ಪ್ರಕಟವಾಯಿತು. ಅದರಲ್ಲಿ ಮಕ್ಕಳ ಗಣಿತ, ಹಿಂದಿ ಎರಡೂ ಸುಧಾರಿಸಿದ್ದವು. ಕಾರಣ ಮಿನುಗುವ ಪರದೆಯಲ್ಲ. ಆರನೇ ತರಗತಿಯ ಮಗು ನಿಜಕ್ಕೂ ಮೂರನೇ ತರಗತಿಯ ಮಟ್ಟದಲ್ಲಿದ್ದರೆ ತಂತ್ರಾಂಶ ಅದನ್ನು ಗುರುತಿಸಿ ಅಲ್ಲಿಂದಲೇ ಪಾಠ ಶುರುಮಾಡುತ್ತಿತ್ತು. ತಂತ್ರಜ್ಞಾನವೆಲ್ಲ ಮೋಸ ಎನ್ನುವವರಿಗೂ ತಂತ್ರಜ್ಞಾನವೇ ಮೋಕ್ಷ ಎನ್ನುವವರಿಗೂ ಈ ಒಂದು ಅಧ್ಯಯನ ಕಿರಿಕಿರಿ ಮಾಡುತ್ತದೆ. ಅದಕ್ಕೇ ನನಗೆ ಮೆಚ್ಚುಗೆ. ಬೆಂಗಳೂರು ಇಂಟರ್‌ನ್ಯಾಷನಲ್ ಸೆಂಟರ್‌ನ 'ಬಿಐಸಿ ಟಾಕ್ಸ್', ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದ ರೇಡಿಯೊ, ಇವುಗಳಲ್ಲೂ ಶಿಕ್ಷಣದ ಒಳ್ಳೆಯ ಸಂಚಿಕೆಗಳು ಸಿಗುತ್ತವೆ.

ಕನ್ನಡದಲ್ಲಿ? ಪವನ್ ಶ್ರೀನಾಥ್ ಮತ್ತು ಗೆಳೆಯರ 'ತಲೆ-ಹರಟೆ' ಸರಣಿ ವಿಜ್ಞಾನ, ಸಮಾಜ, ನೀತಿ ಎಲ್ಲವನ್ನೂ ಕನ್ನಡದಲ್ಲಿ ಸಲೀಸಾಗಿ ಮಾತಾಡಬಹುದೆಂದು ತೋರಿಸಿಕೊಟ್ಟಿತು. ಶಿಕ್ಷಣ ಎಂಬ ಹೆಸರಿನಲ್ಲಿ ಕನ್ನಡದಲ್ಲಿ ಸಿಗುವ ಸಂದರ್ಶನಗಳಲ್ಲಿ ಹೆಚ್ಚಿನವು ನನ್ನ ಅನುಭವದಲ್ಲಿ ಎರಡೇ ಜಾತಿ. ಒಂದು, ಪರೀಕ್ಷೆಯಲ್ಲಿ ರ‍್ಯಾಂಕ್ ಬಂದವರ ಯಶೋಗಾಥೆ. ಇನ್ನೊಂದು, ಕೊನೆಯ ಐದು ನಿಮಿಷದಲ್ಲಿ ಕೋಚಿಂಗ್ ಸೆಂಟರಿನ ಫೋನ್ ನಂಬರ್ ಬರುವಂಥದು. ಕೊನೆಯ ಐದು ನಿಮಿಷವನ್ನು ಮೊದಲು ಕೇಳಿಬಿಡಿ, ಸಮಯ ಉಳಿಯುತ್ತದೆ.

ಅತಿಥಿಯ ಬಗ್ಗೆ ಒಂದು ಮಾತು. ಸ್ಟ್ಯಾನ್‌ಫರ್ಡ್‌ನ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಗ್ರೂ 10 ಇತಿಹಾಸಕಾರರು, 10 ವೃತ್ತಿಪರ ಫ್ಯಾಕ್ಟ್ ಚೆಕರ್‌ಗಳು (ಸುದ್ದಿಯ ಸತ್ಯಾಂಶ ಪರಿಶೀಲಿಸುವವರು), 25 ವಿದ್ಯಾರ್ಥಿಗಳನ್ನು ಕೂರಿಸಿಕೊಂಡು ಅಪರಿಚಿತ ಜಾಲತಾಣಗಳನ್ನು ತೂಗಿ ನೋಡಲು ಹೇಳಿದರು. ಇತಿಹಾಸಕಾರರು, ವಿದ್ಯಾರ್ಥಿಗಳು ಆ ಪುಟದಲ್ಲೇ ಕೂತು ಮೇಲಿಂದ ಕೆಳಗೆ ಓದಿ ಹಲವು ಸಲ ಬೇಸ್ತುಬಿದ್ದರು. ಫ್ಯಾಕ್ಟ್ ಚೆಕರ್‌ಗಳು ತಕ್ಷಣ ಆ ಪುಟ ಬಿಟ್ಟು ಹೊರಗೆ ಹೋದರು, ಇವರ ಬಗ್ಗೆ ಬೇರೆಯವರು ಏನು ಹೇಳುತ್ತಾರೆ ಎಂದು ನೋಡಿದರು. ನಾವು ಮಗಳಿಗೆ ಗಂಡು ನೋಡುವಾಗ ಹುಡುಗನನ್ನೇ ಕೂರಿಸಿಕೊಂಡು ನೀನು ಒಳ್ಳೆಯವನಾ ಎಂದು ಕೇಳುತ್ತೇವೆಯೇ? ಅವರ ಬೀದಿಯಲ್ಲಿ ವಿಚಾರಿಸುತ್ತೇವೆ. ಪಾಡ್‌ಕಾಸ್ಟಿನ ಅತಿಥಿಯನ್ನೂ ಹಾಗೇ ವಿಚಾರಿಸಿ. ಅವರು ಏನನ್ನು ಮಾರುತ್ತಾರೆ, ಯಾವ ಸಂಸ್ಥೆಯ ಸಂಬಳ, ಈ ವಾರ ಅವರ ಪುಸ್ತಕ ಬಿಡುಗಡೆಯೇ? ಹೀಗೆಂದ ಮಾತ್ರಕ್ಕೆ ಅವರ ಮಾತು ಸುಳ್ಳಾಗುವುದಿಲ್ಲ. ಆದರೆ ನಡೆಸಿಕೊಡುವವರು ಇದನ್ನು ನಮಗೆ ಮೊದಲೇ ಹೇಳಿದರೇ, ಮುಚ್ಚಿಟ್ಟರೇ ಎಂಬುದು ಗೊತ್ತಾಗುತ್ತದೆ.

2024ರ ಸೆಪ್ಟೆಂಬರಿನಿಂದ ಈ ವಿಚಾರಣೆಗೆ ಹೊಸ ಅಡ್ಡಿ ಬಂದಿದೆ. ಗೂಗಲ್‌ನ ನೋಟ್‌ಬುಕ್‌ಎಲ್‌ಎಂ ಯಾವ ದಾಖಲೆ ಕೊಟ್ಟರೂ ಇಬ್ಬರು ಕೂತು ಹರಟಿದಂತೆ ಆಡಿಯೊ ಮಾಡಿಕೊಡುತ್ತದೆ. ನಗುತ್ತಾರೆ, 'ಹೌದಾ!' ಎನ್ನುತ್ತಾರೆ, ಉಸಿರೂ ಎಳೆದುಕೊಳ್ಳುತ್ತಾರೆ. ನಿಮ್ಮದೇ ಪಾಠದ ಟಿಪ್ಪಣಿ ಹಾಕಿ ಬಸ್ಸಿನಲ್ಲಿ ಕೇಳಿಕೊಂಡು ಹೋಗಲು ಅಡ್ಡಿಯಿಲ್ಲ. ಆದರೆ ಇಂಥವುಗಳನ್ನೇ ಸರಣಿ ಎಂದು ಬಿಡುವವರೂ ಇದ್ದಾರೆ. ಆ ಎರಡು ದನಿಗಳು 2021ರಲ್ಲಿ ಏನನ್ನೂ ಹೇಳಿರಲಿಲ್ಲ, ಮುಂದಿನ ವರ್ಷ ಅವು ಏನನ್ನೂ ಹಿಂತೆಗೆದುಕೊಳ್ಳಬೇಕಾಗಿಲ್ಲ. ನಾಚಿಕೆ ಪಡಬೇಕಾದವರೇ ಇಲ್ಲದ ಮಾತು ಅದು.

ಕೇಳುವ ಕ್ರಮದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಆಂಡ್ರಾಯ್ಡ್‌ನಲ್ಲಿ ಆಂಟೆನಾಪಾಡ್ ಉಚಿತ, ಜಾಹೀರಾತಿಲ್ಲ, ಮುಕ್ತ ತಂತ್ರಾಂಶ. ವೈಫೈ ಇರುವಲ್ಲಿ ಇಳಿಸಿಕೊಂಡು ನೆಟ್‌ವರ್ಕ್ ಇಲ್ಲದ ದಾರಿಯಲ್ಲಿ ಕೇಳಿ. ಇಂಗ್ಲಿಷ್ ಉಚ್ಚಾರ ಹಿಡಿಯದಿದ್ದರೆ ವೇಗ ತಗ್ಗಿಸಿ, ಅದರಲ್ಲಿ ಅವಮಾನವೇನಿಲ್ಲ. ಒಳ್ಳೆಯ ಸರಣಿಗಳು ಪೂರ್ತಿ ಮಾತನ್ನು ಬರಹದಲ್ಲೂ ಕೊಡುತ್ತವೆ, ಮೊದಲು ಅದನ್ನು ಕಣ್ಣಾಡಿಸಿ. ಹದಿನೈದು ನಿಮಿಷದಲ್ಲಿ ಒಂದಾದರೂ ನಿರ್ದಿಷ್ಟ ತರಗತಿ, ನಿರ್ದಿಷ್ಟ ಮಗು, ನಿರ್ದಿಷ್ಟ ಪಾಠದ ಮಾತು ಬರದಿದ್ದರೆ ನಿಲ್ಲಿಸಿಬಿಡಿ.

ಪ್ರಶ್ನೆಗಳಿದ್ದರೆ ಕೇಳಿ.

*

(ಗ್ರಾಮೀಣ ಶಾಲೆಯ ಶಿಕ್ಷಕಿಯೊಬ್ಬರು: "ಸರ್, ಇವುಗಳನ್ನ ತರಗತಿಯಲ್ಲಿ ಮಕ್ಕಳಿಗೆ ಕೇಳಿಸಬಹುದಾ?")

ಹಾಗೇ ಕೇಳಿಸಿದರೆ ಹತ್ತು ನಿಮಿಷಕ್ಕೆ ಕಿಟಕಿಯಾಚೆ ನೋಡುತ್ತಾರೆ ಮೇಡಂ. ದೊಡ್ಡವರ ಸಂಭಾಷಣೆ ಮಕ್ಕಳಿಗೆ ಪಾಠವಾಗುವುದಿಲ್ಲ. ಮಕ್ಕಳಿಗೆಂದೇ ಮಾಡಿದ ಆಡಿಯೊ ಬೇರೆ ಥರ ಇರಬೇಕು. 1970ರ ದಶಕದಲ್ಲಿ ಸ್ಟ್ಯಾನ್‌ಫರ್ಡ್‌ನವರು ನಿಕರಾಗುವಾ ದೇಶದಲ್ಲಿ ಬಾನುಲಿಯ ಮೂಲಕ ಗಣಿತ ಕಲಿಸಿದರು. ರೇಡಿಯೊ ಪ್ರಶ್ನೆ ಕೇಳಿ ಕೆಲವು ಕ್ಷಣ ಸುಮ್ಮನಾಗುತ್ತಿತ್ತು, ಇಡೀ ತರಗತಿ ಕೂಗಿ ಉತ್ತರ ಹೇಳುತ್ತಿತ್ತು, ಆಮೇಲೆ ರೇಡಿಯೊ ಸರಿ ಉತ್ತರ ಹೇಳುತ್ತಿತ್ತು. ಆ ಮಕ್ಕಳು ಬಾನುಲಿ ಪಾಠವಿಲ್ಲದ ತರಗತಿಗಳ ಮಕ್ಕಳಿಗಿಂತ ಚೆನ್ನಾಗಿ ಕಲಿತರು. ನಮ್ಮಲ್ಲೂ 'ಚಿನ್ನರ ಚುಕ್ಕಿ', 'ಕೇಳಿ ಕಲಿ' ಬಂದಿದ್ದವು, ನಿಮ್ಮಲ್ಲಿ ಹಿರಿಯರು ಆ ಹೊತ್ತಿಗೆ ರೇಡಿಯೊ ಹಚ್ಚಿದ್ದು ನೆನಪಿರಬೇಕು. ಅದರ ಗುಟ್ಟು ಆ ಮೌನದಲ್ಲಿದೆ. ನಿಮ್ಮ ಫೋನಿನಲ್ಲಿ ನೀವೇ ಐದು ಪ್ರಶ್ನೆಗಳನ್ನು ನಡುನಡುವೆ ಬಿಡುವು ಕೊಟ್ಟು ಮುದ್ರಿಸಿಕೊಂಡು ಹೋಗಿ ನೋಡಿ. ಯಾವ ಪಾಡ್‌ಕಾಸ್ಟಿಗಿಂತಲೂ ಅದು ನಿಮ್ಮ ತರಗತಿಗೆ ಒಗ್ಗುತ್ತದೆ.

(ಬಿ.ಇಡಿ. ವಿದ್ಯಾರ್ಥಿಯೊಬ್ಬ: "ನಾವು ನಾಲ್ಕು ಜನ ಸೇರ್ಕೊಂಡು ಕನ್ನಡದಲ್ಲಿ ಒಂದು ಸರಣಿ ಶುರು ಮಾಡ್ಬೇಕು ಅಂತಿದ್ದೀವಿ. ಏನು ಸಲಹೆ ಕೊಡ್ತೀರಿ?")

ಬಹಳ ಸಂತೋಷ. ಮೈಕಿಗೆ ದುಡ್ಡು ಸುರಿಯಬೇಡಿ. ಬಟ್ಟೆಬರೆ, ಹಾಸಿಗೆ ಇರುವ ಚಿಕ್ಕ ಕೋಣೆಯಲ್ಲಿ ಫೋನನ್ನು ಬಾಯಿಗೆ ಹತ್ತಿರ ಇಟ್ಟುಕೊಂಡರೆ ಪ್ರತಿಧ್ವನಿ ಇರುವುದಿಲ್ಲ. ದೊಡ್ಡವರನ್ನು ಕರೆಯುವ ಮೊದಲು ನಿಮ್ಮ ಅಭ್ಯಾಸ ಪಾಠದ ಶಾಲೆಯ ಮೇಷ್ಟ್ರನ್ನು ಕೂರಿಸಿ, ಈ ವಾರ ಯಾವ ಪಾಠ ಕೈಕೊಟ್ಟಿತು ಎಂದು ಕೇಳಿ. ಮಕ್ಕಳ ದನಿ ಮುದ್ರಿಸುವುದಾದರೆ ಪೋಷಕರ ಒಪ್ಪಿಗೆ ಬರಹದಲ್ಲಿ ತೆಗೆದುಕೊಳ್ಳಿ, ಹೆಸರು ಹಾಕಬೇಡಿ. ಯೂಟ್ಯೂಬ್ ಒಂದನ್ನೇ ನಂಬಬೇಡಿ, ಆರ್‌ಎಸ್‌ಎಸ್ ಫೀಡ್ ಇರಲಿ, ಮೂಲ ಕಡತಗಳು ನಿಮ್ಮ ಬಳಿಯೂ ಇರಲಿ. ಹಳೆಯ ಸಂಚಿಕೆ ಮುಜುಗರ ಮಾಡಿದರೂ ಅಳಿಸಬೇಡಿ. ಮತ್ತೆ, ಪ್ರತಿ ಸಂಚಿಕೆಯ ಶುರುವಿನಲ್ಲಿ ತಾರೀಖು ಹೇಳಿ. ದಿನ, ತಿಂಗಳು, ಇಸವಿ, ಮೂರೂ.